ಗೋಡೆಗೆ ಬೆಳಕು ಹಿಡಿದು ನೋಡುತ್ತಿದ್ದ ಕಾಕಾ

ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದೆ. ಮೊರದಲ್ಲಿ ಒಂದು ಕಡೆ ಎಲೆ, ಇನ್ನೊಂದು ಕಡೆ ದಂಟು. ಆಗ ನಾಶಿಕದಿಂದ ಕಾಕಿಯ ಫೋನ್ ಬಂತು.

"ಯವ್ವಾ, ನಿಮ್ಮ ಕಾಕಾ ಹ್ವಾದ್ರು" ಎಂದರು. ಅಳಲಿಲ್ಲ. ಮಧ್ಯಾಹ್ನ ಊಟ ಮಾಡಿ ಅಂಗಡಿಯ ಬೆಂಚಿನ ಮೇಲೆ ಅಡ್ಡಾಗಿದ್ದವರು ಚಹಾಕ್ಕೆ ಎಬ್ಬಿಸಿದರೆ ಏಳಲಿಲ್ಲವಂತೆ. ಅವರ ಮಗಳು ಸೊಲ್ಲಾಪುರದಿಂದ ಬರಬೇಕು, ಮಣ್ಣು ಮಾಡುವುದು ನಾಳೆ ಮಧ್ಯಾಹ್ನ. "ಪಾವಣೇರಿಗಿ ಹೇಳು" ಎಂದು, ನಮ್ಮ ಮನೆಯವರಿಗೆ ತಿಳಿಸಲು ಹೇಳಿ ಫೋನ್ ಇಟ್ಟರು.

ನನಗೆ ಮೊದಲು ನೆನಪಾದದ್ದು ಕಾಕಾನ ಬಲಗೈ ಹೆಬ್ಬೆರಳು. ವಾಯರಿನ ಮೇಲಿನ ಪ್ಲಾಸ್ಟಿಕ್ಕನ್ನು ಉಗುರಿನಿಂದಲೇ ಸುಲಿದು ಸುಲಿದು ಆ ಉಗುರಿನ ನಡುವೆ ಒಂದು ಕಚ್ಚು ಬಿದ್ದಿತ್ತು. ಆ ಕಚ್ಚಿನೊಳಗೆ ಸದಾ ಸುಣ್ಣ ಕೂತಿರುತ್ತಿತ್ತು. ಅರ್ಧ ತಂಬಾಕಿಗೆ ತೀಡುವ ಸುಣ್ಣ, ಇನ್ನರ್ಧ ನಮ್ಮ ಮನೆಯ ಗೋಡೆಗೆ ಹಚ್ಚಿದ ಸುಣ್ಣ. ಕೈ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ನಮ್ಮ ಮನೆಯವರಿಗೆ ನಾನು ಫೋನ್ ಮಾಡಲಿಲ್ಲ. ಇಲ್ಲಿ ಸಂಭಾಜಿನಗರದ ಚಿಕಲಠಾಣಾ ಕಾರ್ಖಾನೆಯಲ್ಲಿ ಅವರ ಪಾಳಿ ಮುಗಿಯಲು ಇನ್ನೂ ಹೊತ್ತಿತ್ತು. ಸುದ್ದಿ ಕೇಳಿದರೆ ಅಲ್ಲಿ ನಿಲ್ಲುವ ಮನುಷ್ಯನಲ್ಲ; ಕೂಡಲೇ ಗಾಡಿ ಹತ್ತುತ್ತಾರೆ. ಸಂಜೆ ಹೊತ್ತು ಆ ರಸ್ತೆಯಲ್ಲಿ ಲಾರಿ, ಬಸ್ಸು, ಕಂಪನಿ ಬಿಟ್ಟ ಜನ. ಕಣ್ಣು ತುಂಬಿಕೊಂಡು ಗಾಡಿ ಹೊಡೆಯುವುದು ಬೇಡ, ಮನೆಗೆ ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಸತ್ತವರು ಎಲ್ಲಿಗೂ ಹೋಗುವುದಿಲ್ಲ. ಇರುವವರು ಸುಖವಾಗಿ ಮನೆ ಮುಟ್ಟಬೇಕು. ಮತ್ತೆ ಸೊಪ್ಪಿಗೆ ಕೈ ಹಾಕಿದೆ.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ನಾಶಿಕದ ಅಂಬಡದಲ್ಲಿ, ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ನಾವು ಬಾಡಿಗೆಗಿದ್ದ ಸಾಲು ಖೋಲಿಗಳ ಎದುರು ಅವರದೊಂದು ತಗಡಿನ ಅಂಗಡಿ. ಮೋಟಾರ್‌ಸೈಕಲ್ಲುಗಳಿಗೆ ಹೆಡ್‌ಲೈಟು, ಹಾರ್ನು, ವಾಯರಿಂಗು ಮಾಡಿಕೊಡುತ್ತಿದ್ದರು. ಕಂಪನಿಯಿಂದ ಬಂದ ದೀಪ ಮಂಕಾಯಿತೆಂದು ಹೆಚ್ಚು ಬೆಳಕಿನದನ್ನು ಹಾಕಿಸಿಕೊಳ್ಳಲು ಬರುವವರೇ ಬಹಳ. ನಾವು ಹೊಸದಾಗಿ ಹೋದ ವಾರ ನಾನು ಮಗಳನ್ನು ಬಾಗಿಲಲ್ಲಿ ನಿಂತು ಬೈಯುತ್ತಿದ್ದೆ. ಎದುರಿನಿಂದ ಒಂದು ದನಿ ಬಂತು: "ಏನ್ ಯವ್ವಾ, ಭಾಲ್ಕಿ ಕಡೀ ಬೈಗಳೇನು? ಕೇಳಿ ಭಾಳ ದಿನ ಆಗಿತ್ತು. ಇನ್ನೊಂದೆರಡು ಬೈ."

ಅವರ ಊರೂ ಅದೇ ಕಡೆಯದು. ಅಂದಿನಿಂದ ನಾನು ಮಗಳಾದೆ, ನಮ್ಮ ಮನೆಯವರು ಅಳಿಯನಾದರು. ಅವರನ್ನು ಪಾವಣೇರು ಎಂದೇ ಕರೆಯುತ್ತಿದ್ದರು. ಅಳಿಯನಿಗೆ ಸಿಗುವ ಮರ್ಯಾದೆ ಅಷ್ಟರಲ್ಲೇ ಮುಗಿಯಿತು. ಬೈಗುಳ ಮಾತ್ರ ಮಗನಿಗೆ ಬೈದ ಹಾಗೆ.

ಸಾಧು ಮನುಷ್ಯ ಎಂದು ಹೇಳಲಾರೆ. ಜೋರು ಬಾಯಿ. ಮಧ್ಯಾಹ್ನ ಅಂಗಡಿ ತೆರೆದಿಟ್ಟೇ ಗೊರಕೆ ಹೊಡೆಯುತ್ತಿದ್ದರು. ನಮ್ಮ ಮನೆಯ ಸ್ಟೀಲಿನ ಲೋಟಗಳು ಚಹಾ ತುಂಬಿಕೊಂಡು ಅತ್ತ ಹೋದರೆ ತಿರುಗಿ ಬರುತ್ತಿರಲಿಲ್ಲ. ಹೋಗಿ ನೋಡಿದರೆ ಅವುಗಳಲ್ಲಿ ತುಕ್ಕು ಹಿಡಿದ ಸ್ಕ್ರೂಗಳು ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು. ಎಡಗಣ್ಣು ಯಾವಾಗಲೂ ಅರೆ ಮುಚ್ಚಿರುತ್ತಿತ್ತು. ಗಲ್ಲಿಯ ಜನ ಅದಕ್ಕೆ ಒಂದೊಂದು ಕತೆ ಹೇಳುತ್ತಿದ್ದರು. ಹಿಂದೆ ಲಾರಿ ಓಡಿಸುತ್ತಿದ್ದರಂತೆ, ಎದುರಿನ ಬೆಳಕು ಬಡಿದು ಅಪಘಾತವಾಯಿತಂತೆ, ತಮ್ಮ ಸತ್ತನಂತೆ. ನಾನೇ ಒಮ್ಮೆ ಕೇಳಿದೆ. "ಸಣ್ಣವ ಇದ್ದಾಗ ಕಣ್ಣಾಗ ಹುಳ ಹೊಕ್ಕಿತ್ತು. ತಮ್ಮ ಎಲ್ಲೀ ತಮ್ಮ, ನಾ ಒಬ್ಬನೇ ಗಂಡಸ ಮಗಾ" ಅಂದರು.

ಕೊರಳಲ್ಲಿ ಲಿಂಗವಿತ್ತು, ಪೂಜೆಯ ನೇಮ ಅಷ್ಟಕ್ಕಷ್ಟೆ. ನಾನು ವಿಭೂತಿ ಗಟ್ಟಿ ಕೊಟ್ಟರೆ ಹಣೆಗೆ ಒಂದಿಷ್ಟು ತೀಡಿಕೊಂಡು, "ದೇವರಿಗಿ ನೀ ಹೇಳು, ವಾಯರಿಗಿ ನಾ ಹೇಳ್ತೀನಿ. ಇಬ್ರೂ ಒಂದೇ ಕೆಲಸಕ್ಕ ಯಾಕ ಬೇಕು?" ಎನ್ನುತ್ತಿದ್ದರು. ಆದರೆ ಒಂದು ನೇಮವನ್ನು ಮಾತ್ರ ತಪ್ಪಿಸಿದವರಲ್ಲ. ಹೊಸ ದೀಪ ಹಾಕಿದ ಗಾಡಿಯ ಸ್ವಿಚ್ಚು ಒತ್ತಿ ಬೆಳಕು ಹತ್ತಿದ ಕೂಡಲೇ, ಹೆಂಗಸರು ಮುಸ್ಸಂಜೆ ದೀಪಕ್ಕೆ ಮಾಡುವ ಹಾಗೆ, ಎರಡೂ ಕೈ ಜೋಡಿಸುತ್ತಿದ್ದರು. ಗಿರಾಕಿ ನಕ್ಕರೆ ಹೇಳುವ ಮಾತು ಒಂದೇ: "ಬೆಳಕ ಕಂಡ್ರ ಮಂದಿ ಕೈ ಮುಗೀಬೇಕಪಾ. ಕಣ್ಣಿಗಿ ಕೈ ಅಡ್ಡ ಹಿಡೀಬಾರ್ದು."

ಆ ಮಾತಿಗೆ ತಕ್ಕ ಹಾಗೆ ಅವರ ಕೆಲಸದ ರೀತಿ. ದೀಪ ಹಾಕಿಕೊಟ್ಟರೆ ಕೆಲಸ ಮುಗಿಯಿತೆಂದು ಅವರಿಗೆ ಅನ್ನಿಸುತ್ತಿರಲಿಲ್ಲ. ಹೊತ್ತು ಮುಳುಗುವ ತನಕ ಗಿರಾಕಿಯನ್ನು ಕೂರಿಸಿ, ಕತ್ತಲಾಗುತ್ತಿದ್ದಂತೆ ಗಾಡಿಯನ್ನು ನಮ್ಮ ಖೋಲಿಯ ಪಕ್ಕದ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಸಾಲಿನ ಕೊನೆಯ ಮನೆ ನಮ್ಮದು, ಆ ಗೋಡೆ ಬರೀ ಸಿಮೆಂಟು ಮೆತ್ತಿದ್ದು, ಬೂದು ಬಣ್ಣ. ಅದರ ಮೇಲೆ ಸುಣ್ಣದಿಂದ ಅಡ್ಡಕ್ಕೆ ಮೂರು ಗೆರೆ ಎಳೆದಿದ್ದರು. ಮೇಲಿನದು ಸಾಧಾರಣ ಗಾಡಿಗಳ ದೀಪದ ಎತ್ತರ. ನಡುವಿನದು ಡಿಪ್ಪರ್ ಹಾಕಿದಾಗ ಬೆಳಕು ಅದಕ್ಕಿಂತ ಮೇಲೆ ಹೋಗಬಾರದು ಎನ್ನುವ ಗಡಿ. ಕೆಳಗಿನದು ಕೆಲವರು ಹಾಕಿಸುವ ಹಳದಿ ಫಾಗ್‌ಲೈಟಿಗೆ. ಬೆಳಕು ಗೆರೆ ದಾಟಿದರೆ ದೀಪದ ಕೆಳಗಿನ ಸ್ಕ್ರೂ ತಿರುಗಿಸಿ ಕೆಳಕ್ಕೆ ಇಳಿಸುತ್ತಿದ್ದರು.

ಒಂದು ಶ್ರಾವಣ ಸೋಮವಾರ ಮುಂಜಾನೆ ಬಾಗಿಲು ತೆಗೆದರೆ ಊದಿನಕಡ್ಡಿಯ ವಾಸನೆ. ಗೋಡೆಯ ಬುಡದಲ್ಲಿ ಬಿಲ್ವಪತ್ರೆ, ಒಂದು ಬಾಳೆಹಣ್ಣು. ಮೂರು ಗೆರೆಗಳ ನಡುಮಧ್ಯ ಕುಂಕುಮದ ಬೊಟ್ಟು. ಮೂರನೆಯ ಖೋಲಿಯ ಮರಾಠಿ ಮಾವಶಿ ಕೈ ಮುಗಿದು ನಿಂತಿದ್ದರು. ಬೂದು ಗೋಡೆ, ಬಿಳಿಯ ಮೂರು ಪಟ್ಟೆ. ಅವರ ಕಣ್ಣಿಗೆ ಅದು ವಿಭೂತಿ ಹಚ್ಚಿದ ಲಿಂಗವಾಗಿತ್ತು.

"ಮಾವಶಿ, ಅದು ಲೈಟಿನ ಗೆರಿ" ಎಂದೆ. ಅವರು ನನ್ನನ್ನೇ ಮರುಕದಿಂದ ನೋಡಿದರು. "ಅಗ, ಮಹಾದೇವ ಆಹೇತ! ಸಾಕ್ಷಾತ್ ಮಹಾದೇವ! ನೀನು ಇಷ್ಟು ಪೂಜೆ ಮಾಡುವವಳು, ನಿನಗೇ ಕಾಣಲಿಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು.

ಸಂಜೆ ಕಾಕಾ ಗಾಡಿ ತಳ್ಳಿಕೊಂಡು ಬಂದು ನೋಡಿ ನಿಂತುಬಿಟ್ಟರು. "ಯವ್ವಾ, ನಿನ್ನ ಗ್ವಾಡಿಗಿ ದೇವರು ಬಾಡಗೀಗಿ ಬಂದಾನಲ್ಲಾ! ನಂದು ಹಳೀ ಜಾಗಾ ಅದು. ಈಗ ಅವನ್ನ ಖಾಲಿ ಮಾಡಸೋವ್ರು ಯಾರು?"

"ಅಳಿಸಿಬಿಡ್ರಿ ಕಾಕಾ" ಎಂದೆ.

"ನಾ ಒಲ್ಲೆ. ನೀ ಅಳಸು."

ನನ್ನ ಕೈಯಲ್ಲೂ ಆಗಲಿಲ್ಲ. ಅದು ಏನೆಂದು ನನಗೆ ಚೆನ್ನಾಗಿ ಗೊತ್ತು; ಆದರೂ ಕುಂಕುಮ ಬಿದ್ದ ಮೇಲೆ ಒದ್ದೆ ಬಟ್ಟೆ ಹಿಡಿದು ಒರೆಸಲು ಧೈರ್ಯ ಬರಬೇಕಲ್ಲ. ಕಾಕಾ ಒಂದಿಷ್ಟು ಪಕ್ಕಕ್ಕೆ ಸರಿದು, ಹಳದಿ ಬಣ್ಣದಲ್ಲಿ ಬೇರೆ ಗೆರೆಗಳನ್ನು ಎಳೆದುಕೊಂಡರು. ಆಮೇಲೆ ಆಮೇಲೆ ದೂರದ ಊರಿಗೆ ಹೊರಡುವ ಹುಡುಗರು ಗಾಡಿ ನಿಲ್ಲಿಸಿ ಆ ಬಿಳಿ ಗೆರೆಗೆ ನಮಸ್ಕಾರ ಮಾಡಿ ಹೋಗುವುದು ಶುರುವಾಯಿತು. ಹಾದು ಹೋಗುವಾಗ ನನ್ನ ಕೈಯೂ ತಾನಾಗಿ ಎದೆಗೆ ಹೋಗುತ್ತಿತ್ತು. ಶಿವ ಎಲ್ಲಿ ಕೂರಬೇಕು ಎಂದು ಹೇಳಲು ನಾನು ಯಾರು.

ಅದಾದ ಮೇಲೆ ನಮ್ಮ ಮನೆಯವರ ವಿಭಾಗವನ್ನು ಕಂಪನಿಯವರು ಸಂಭಾಜಿನಗರದ ಚಿಕಲಠಾಣಾಕ್ಕೆ ಸಾಗಿಸಿದರು. ಮಗಳ ಶಾಲೆ ಅರ್ಧಕ್ಕೆ ಬಿಡಿಸುವಂತಿರಲಿಲ್ಲ. ಅವರು ಅಲ್ಲಿ ನಾಲ್ಕು ಜನರ ಜೊತೆ ಒಂದು ಖೋಲಿಯಲ್ಲಿ, ನಾವು ತಾಯಿ ಮಗಳು ನಾಶಿಕದಲ್ಲಿ. ಶನಿವಾರ ಪಾಳಿ ಮುಗಿಸಿ ಮೋಟಾರ್‌ಸೈಕಲ್ಲಿನಲ್ಲಿ ಹೊರಟರೆ ವೈಜಾಪುರ, ಯೇವಲಾ ದಾಟಿ ಮನೆ ಮುಟ್ಟಬೇಕು. ಅರ್ಧ ದಾರಿ ಕತ್ತಲೆಯಲ್ಲೇ. ಕಬ್ಬು ತುಂಬಿದ ಟ್ರಾಲಿಗಳಿಗೆ ಹಿಂದೆ ಕೆಂಪು ದೀಪ ಇರುವುದಿಲ್ಲ. ನನಗೆ ಶನಿವಾರ ಬಂತೆಂದರೆ ಅನ್ನ ಇಳಿಯುತ್ತಿರಲಿಲ್ಲ.

"ಕಾಕಾ, ಎಲ್ಲಕ್ಕಿಂತ ಜೋರು ಲೈಟ್ ಹಾಕ್ರಿ" ಎಂದು ನಾನೇ ಹೋಗಿ ಹೇಳಿದೆ.

"ಜೋರು ಯಾರಿಗಿ? ಪಾವಣೇರಿಗೋ, ಎದುರು ಬರೋವ್ರಿಗೋ?"

ಅವರು ಬೆಳಕಿನ ವೈರಿಯೇನಲ್ಲ. ನಮ್ಮ ಗಾಡಿಗೂ ಮೊದಲಿಗಿಂತ ಹೆಚ್ಚು ಬೆಳಕಿನದನ್ನೇ ಹಾಕಿದರು. ಹಳೆಯ ತೆಳು ವಾಯರುಗಳನ್ನು ತೆಗೆದು ದಪ್ಪನೆಯವನ್ನು ಹೊಸದಾಗಿ ಎಳೆದರು, ಕೆಳಗೆ ಎರಡು ಹಳದಿ ದೀಪ ಕೂರಿಸಿದರು. ಕತ್ತಲಾದ ಮೇಲೆ ಗೋಡೆಗೆ ಬೆಳಕು ಹಿಡಿದು, "ಪಾವಣೇರ, ಹತ್ರಿ ಗಾಡಿ. ಸಾಮಾನು ಎಷ್ಟು ಒಯ್ತೀರಿ ಎಲ್ಲಾ ಹೇರ್ರಿ. ಯವ್ವಾ, ನೀನೂ ಬಾ, ಹಿಂದ ಕೂಡು" ಎಂದರು.

"ನಾ ಎಲ್ಲೀಗಿ ಹೋಗಬೇಕ್ರಿ?"

"ಎಲ್ಲೀಗೂ ಇಲ್ಲ. ಸುಮ್ಮ ಕೂಡು. ಹಿಂದ ತೂಕ ಬಿದ್ರ ಮುಂದಿನ ಮಾರಿ ಮ್ಯಾಲ ಏಳ್ತದ. ಗಾಡಿದೂ ಹಂಗೇ, ಗಂಡಸರದೂ ಹಂಗೇ."

ಸಾಲಿನ ಹೆಂಗಸರೆಲ್ಲ ಹೊರಗೆ ಬಂದರು. ನಿಂತ ಗಾಡಿಯ ಮೇಲೆ ಗಂಡನ ಹಿಂದೆ, ಮಡಿಲಲ್ಲಿ ಜೋಳದ ಹಿಟ್ಟಿನ ಚೀಲ ಇಟ್ಟುಕೊಂಡು, ತಲೆ ಮೇಲೆ ಸೆರಗು ಹೊದ್ದು ನಾನು ಕೂತೆ. "ವೈನಿ, ತಿರುಪತಿಗೆ ಟಿಕೆಟು ಎಷ್ಟು?" ಎಂದು ಒಬ್ಬಳು ಕೇಳಿದಳು. ಕಾಕಾ ಯಾರ ಮಾತಿಗೂ ಕಿವಿಗೊಡದೆ, ನೆಲದ ಮೇಲೆ ಮಂಡಿಯೂರಿ, ಅರೆ ಮುಚ್ಚಿದ ಕಣ್ಣಿನಿಂದ ಗೋಡೆ ನೋಡುತ್ತ ಸ್ಕ್ರೂ ತಿರುಗಿಸಿದರು. ಮೊದಲು ನನ್ನೊಡನೆ ಒಮ್ಮೆ, ಆಮೇಲೆ ನನ್ನನ್ನು ಇಳಿಸಿ ಬರೀ ಸಾಮಾನಿನೊಡನೆ ಇನ್ನೊಮ್ಮೆ. ಶನಿವಾರದ ದಾರಿಗೆ ಹೇಗಿರಬೇಕೋ ಹಾಗೆ ಬಿಟ್ಟರು.

ಅದರಿಂದ ನನಗೊಂದು ಅನುಕೂಲವಾಯಿತು. ಶನಿವಾರ ಕಿಟಕಿಯಲ್ಲಿ ಕೂತಿರುತ್ತಿದ್ದೆ. ಗಲ್ಲಿಗೆ ತಿರುಗುವ ಬೇರೆಯವರ ಗಾಡಿಗಳ ಬೆಳಕು ನಮ್ಮ ತಗಡಿನ ಮಾಡಿನವರೆಗೂ ಹಾರುತ್ತಿತ್ತು. ನಮ್ಮವರ ಬೆಳಕು ಗೋಡೆಯ ಅರ್ಧಕ್ಕೆ, ಗೆರೆಯ ಕೆಳಗೆ, ನೆಲ ಹಿಡಿದುಕೊಂಡು ಬರುತ್ತಿತ್ತು. ಅದನ್ನು ಕಂಡ ಮೇಲೆ ತವೆ ಒಲೆಯ ಮೇಲೆ ಇಡುತ್ತಿದ್ದೆ.

ಆದರೆ ಗಂಡಸರ ಮಾತು ಗಂಡಸರಿಗೆ ಚುಚ್ಚುತ್ತದೆ. ಚಿಕಲಠಾಣಾದ ಖೋಲಿಯಲ್ಲಿದ್ದ ಗೆಳೆಯರೆಲ್ಲ ಹಗಲಿನ ಹಾಗೆ ಉರಿಯುವ ಬಿಳಿಯ ಎಲ್‌ಇಡಿ ಹಾಕಿಸಿಕೊಂಡಿದ್ದರು. "ಏನ್ ಮಾಲಕ, ಗಾಡೀಗಿ ದೀಪಾ ಹಚ್ಚೀರಿ? ಎಣ್ಣಿ ಕಡಿಮಿ ಆಗ್ಯದ ನೋಡ್ರಿ" ಎಂದು ದಿನಾ ಅಣಕಿಸುತ್ತಿದ್ದರಂತೆ. ಒಂದು ದಿನ ಇವರೂ ಅಲ್ಲಿಯ ಯಾವುದೋ ಅಂಗಡಿಯಲ್ಲಿ ಅದನ್ನೇ ಹಾಕಿಸಿಕೊಂಡು ಬಂದರು. ಬಂದ ಶನಿವಾರ ಗಲ್ಲಿಗೆ ಬೆಳಕು ತಿರುಗಿದಾಗ ನನಗೆ ಅವರದೆಂದು ಗುರುತೇ ಸಿಗಲಿಲ್ಲ. ಕಾಕಾ ಅಂಗಡಿ ಮುಚ್ಚುತ್ತಿದ್ದವರು ನೋಡಿ, ಬೀಗ ಹಾಕಿಕೊಂಡು ಹೋದರು.

ಅದಾಗಿ ಕೆಲವು ವಾರಗಳ ಮೇಲೆ ಮನೆಯವರು ಬಂದವರೇ ಕೈಕಾಲು ಸಹ ತೊಳೆಯದೆ ಗೋಡೆಗೆ ಒರಗಿ ಕೂತರು. ತಟ್ಟೆ ಇಟ್ಟರೆ ಕೈ ಹಾಕಲಿಲ್ಲ. ಕೇಳಿ ಕೇಳಿ ಹೊರಗೆ ಬಂದದ್ದು ಇಷ್ಟು. ವೈಜಾಪುರದ ಈಚೆ ಕಬ್ಬು ಕಡಿಯುವವರ ಎತ್ತಿನ ಗಾಡಿಯೊಂದು ಎದುರಿಗೆ ಬರುತ್ತಿತ್ತು. ಇವರ ಬೆಳಕು ಕಣ್ಣಿಗೆ ಬಡಿದು ಎತ್ತುಗಳು ಬೆದರಿ ಪಕ್ಕಕ್ಕೆ ಎಳೆದವು. ಗಾಡಿಯ ಒಂದು ಚಕ್ರ ರಸ್ತೆ ಬಿಟ್ಟು ಕೆಳಗೆ ಇಳಿದು ವಾಲಿತು. ಮೇಲೆ ಕೂತಿದ್ದ ಹೆಂಗಸು ಮಡಿಲಲ್ಲಿದ್ದ ಕೂಸಿನ ಮೇಲೆ ಬಗ್ಗಿ ಅದನ್ನು ಅಪ್ಪಿ ಹಿಡಿದುಕೊಂಡಳು. ಗಾಡಿ ಮಗುಚಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಆ ಹೆಂಗಸು ಬೈಯಲೂ ಇಲ್ಲ, ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದುಕೊಂಡೇ ಇದ್ದಳಂತೆ. "ಕೈ ತಗೀಲೇ ಇಲ್ಲ ಆಕಿ. ನಾ ಲೈಟ್ ಬಂದ ಮಾಡಿದ ಮ್ಯಾಲೂ ತಗೀಲಿಲ್ಲ" ಎಂದು ನಮ್ಮವರು ಮತ್ತೆ ಮತ್ತೆ ಹೇಳಿದರು.

ಮರುದಿನ ಭಾನುವಾರ ಸಂಜೆ ಇಬ್ಬರೂ ಕಾಕಾನ ಮುಂದೆ ಹೋಗಿ ನಿಂತೆವು. ಬೈಯುತ್ತಾರೆಂದು ನಾನು ಸಿದ್ಧವಾಗಿದ್ದೆ. ಎಲ್ಲಾ ಕೇಳಿ, ತಂಬಾಕು ಉಗುಳಿ, "ಯವ್ವಾ, ನೀ ಗ್ವಾಡಿ ಹಂತೇಲಿ ಹೋಗಿ ನಿಂದ್ರು" ಎಂದರು. ನಿಂತೆ. ಗಾಡಿಯನ್ನು ದೂರ ನಿಲ್ಲಿಸಿ ದೀಪ ಹತ್ತಿಸಿದರು. ಕಣ್ಣು ಕುಕ್ಕಿ ನೀರು ಬಂತು.

"ಗಾಡಿ ಮ್ಯಾಲ ಯಾರ ಕುಂತಾರ ಹೇಳು."

"ನಮ್ಮ ಮನೆಯವ್ರು."

"ಮಾರಿ ಕಂಡು ಹೇಳ್ಲತ್ತೀಯೋ, ಅಂದಾಜಿಲೆ ಹೇಳ್ಲತ್ತೀಯೋ?"

ಮುಖ ಕಾಣುತ್ತಿರಲಿಲ್ಲ. ಗಾಡಿಯೂ ಕಾಣುತ್ತಿರಲಿಲ್ಲ. ಬಿಳಿ ಬೆಂಕಿಯೊಂದು ಬಿಟ್ಟರೆ ಏನೂ ಇರಲಿಲ್ಲ. ಅಂದಾಜು ಎಂದು ಒಪ್ಪಿಕೊಂಡೆ. ಬೆಳಕು ಆರಿಸಿ ನನ್ನ ಕಣ್ಣು ತಿಳಿಯಾದ ಮೇಲೆ ನೋಡಿದರೆ ಗಾಡಿಯ ಮೇಲೆ ಕೂತಿದ್ದವರು ಕಾಕಾ! ನಮ್ಮವರು ನನ್ನ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದರು. ಸಾಲಿನವರೆಲ್ಲ ಗೊಳ್ಳೆಂದು ನಕ್ಕರು. ನಮ್ಮವರು ನಗಲಿಲ್ಲ. ತಾವೇ ಹೋಗಿ ಸ್ಕ್ರೂಡ್ರೈವರ್ ತಂದು ಕಾಕಾನ ಕೈಗೆ ಕೊಟ್ಟರು.

ಹಳೆಯ ದೀಪ ಅಂಗಡಿಯಲ್ಲೇ, ಕಾಗದದಲ್ಲಿ ಸುತ್ತಿಟ್ಟಿತ್ತು. ಈ ಸಲ ಮುನ್ನೆಚ್ಚರಿಕೆಗೆ ಕಾಕಾ ಕೇಳುವ ಮೊದಲೇ ನಾನು ಹಿಟ್ಟಿನ ಚೀಲ ತಂದೆ.

ಅಂಥ ಬಿಳಿ ಬಲ್ಬು ಬೇಕೆಂದು ಬಂದವರಿಗೆ ಕಾಕಾ ಗೋಡೆ ತೋರಿಸುತ್ತಿದ್ದರು: ಗೆರೆಯ ಕೆಳಗೆ ನಿಲ್ಲುವುದಾದರೆ ಹಾಕುತ್ತೇನೆ, ಇಲ್ಲವಾದರೆ ದೊಡ್ಡ ರಸ್ತೆಯಲ್ಲಿ ಹೊಸ ಅಂಗಡಿ ಇದೆ. ಬಹಳ ಜನ ದೊಡ್ಡ ರಸ್ತೆಗೇ ಹೋದರು. "ಬಂದ ಲಕ್ಷ್ಮೀಗಿ ದಾರಿ ತೋರಸೋದು ಇವ್ರ ಕಸುಬು" ಎಂದು ಕಾಕಿ ಗೊಣಗುತ್ತಿದ್ದರು. ಕಾಕಾ ಬೆಂಚಿನ ಮೇಲೆ ಮಗ್ಗಲು ಬದಲಿಸುತ್ತಿದ್ದರು, ಅಷ್ಟೆ.

ಮಗಳ ಹತ್ತನೆಯ ತರಗತಿ ಮುಗಿದ ಮೇಲೆ ನಾವೂ ಸಂಭಾಜಿನಗರಕ್ಕೆ ಬಂದೆವು. ಅಷ್ಟು ಶನಿವಾರಗಳಲ್ಲಿ ಒಂದು ಶನಿವಾರವೂ ಅವರು ಮನೆ ಮುಟ್ಟದೆ ಉಳಿಯಲಿಲ್ಲ. ದೇವರ ದಯೆ ಎಂದು ನಾನು ಹೇಳಿದರೆ ನಮ್ಮವರು "ಹೌದು" ಎನ್ನುತ್ತಾರೆ, ಸ್ವಲ್ಪ ತಡೆದು "ಕಾಕಾಂದೂ" ಎನ್ನುತ್ತಾರೆ. ನಾನು ಅದಕ್ಕೆ ಎದುರು ಹೇಳುವುದಿಲ್ಲ.

ಕೊನೆಗೆ ನೋಡಿದ್ದು ಹೋದ ಶ್ರಾವಣದಲ್ಲಿ. ಕಾಕಿ ಹಟ ಹಿಡಿದು ಅವರನ್ನು ವೇರೂಳಿನ ಘೃಷ್ಣೇಶ್ವರನ ದರ್ಶನಕ್ಕೆ ಕರೆತಂದಿದ್ದರು. ನಾವೂ ಹೋದೆವು. ದರ್ಶನದ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಿ ಕಾಕಾ ಮಾಯವಾದರು. ಹುಡುಕಿದರೆ ಗಾಡಿ ನಿಲ್ಲಿಸುವ ಜಾಗದಲ್ಲಿ ನಮ್ಮ ಮೋಟಾರ್‌ಸೈಕಲ್ಲಿನ ಮುಂದೆ ಮಂಡಿಯೂರಿ ಕೂತಿದ್ದಾರೆ.

"ಯವ್ವಾ, ಲೈಟ್ ಮ್ಯಾಲ ಎದ್ದದಲ್ಲ."

"ನಾವೇನೂ ಮುಟ್ಟಿಲ್ರಿ ಕಾಕಾ."

"ನೀ ಮುಟ್ಟಿಲ್ಲ, ಖರೇ. ನೀ ದಪ್ಪ ಆಗೀದಿ" ಎಂದು ಹೇಳಿ, ಹಿಂದಿನ ಸ್ಪ್ರಿಂಗ್ ಒತ್ತಿ ನೋಡಿ, ದೀಪವನ್ನು ಒಂದು ಎಳೆ ಕೆಳಗಿಳಿಸಿದರು. ಆಮೇಲೆ ಕೈ ಒರೆಸಿಕೊಂಡು ದರ್ಶನಕ್ಕೆ ಬಂದರು. ಒಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸೊಪ್ಪು ಸೋಸಿ ಮುಗಿಯಿತು. ದಂಟು ಹೊರಗೆ ಹಾಕಿ ಬಂದೆ. ದೇವರಿಗೆ ದೀಪ ಹಚ್ಚುವಾಗ ಕಾಕಾನ ಹೆಸರು ಹಿಡಿದು ಒಂದು ಬತ್ತಿ ಹೆಚ್ಚಿಗೆ ಇಟ್ಟೆ. ಪಾಳಿ ಬಿಡುವ ಹೊತ್ತಾಗಿ, ಬರುವ ಹೊತ್ತೂ ಆಯಿತು. ಬರಲಿಲ್ಲ. ಫೋನ್ ಕೈಗೆ ತೆಗೆದುಕೊಂಡೆ. ಗಾಡಿಯ ಮೇಲಿದ್ದರೆ ತೆಗೆಯಲು ಹೋಗುತ್ತಾರೆಂದು ಮತ್ತೆ ಇಟ್ಟೆ. ಬೇರೆ ಯಾರಾದರೂ ಅವರಿಗೆ ಸುದ್ದಿ ಮುಟ್ಟಿಸಿದ್ದರೆ? ಪಂಚಾಕ್ಷರಿ ಹೇಳುತ್ತ ಬಾಗಿಲಲ್ಲಿ ನಿಂತೆ. ಕೊನೆಗೆ ಗಾಡಿಯ ಸಪ್ಪಳವಾಯಿತು. ರಸ್ತೆಯಲ್ಲಿ ಜಾಮ್ ಇತ್ತಂತೆ.

ನೀರು ಕೊಟ್ಟೆ. ಕುಡಿದರು. ಕೂತರು. ಆಗ ಹೇಳಿದೆ.

ಲೋಟ ಕೆಳಗಿಟ್ಟರು. "ಯಾವಾಗ ಗೊತ್ತಾಯ್ತು ನಿನಗ?"

"ಸಂಜೀಗಿ ಮೊದಲ."

"ಫೋನ್ ಯಾಕ ಮಾಡ್ಲಿಲ್ಲ?"

"ನೀವು ಗಾಡಿ ಮ್ಯಾಲ ಬರೋವ್ರು ಇದ್ರಿ."

ಎದ್ದು ಕೀಲಿ ತೆಗೆದುಕೊಂಡರು. "ಹಂಗಾದ್ರ ಈಗ ಹೊಂಡ್ತೀನಿ."

"ಬ್ಯಾಡ್ರಿ. ಮಣ್ಣು ನಾಳೆ ಮಧ್ಯಾಹ್ನ. ನಸುಕಿನ ಬಸ್ಸಿಗಿ ಇಬ್ರೂ ಹೋಗಮು."

ಬಾಗಿಲ ತನಕ ಹೋದರು. ಹೊರಗಿನ ಕತ್ತಲೆಯನ್ನು ನೋಡುತ್ತ ನಿಂತರು. ಒಳಗೆ ಬಂದು ಕೀಲಿಯನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತರು. ಹೆಗಲು ಅಲುಗುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಅಳುವ ಮನುಷ್ಯ ಮನೆಯೊಳಗೆ ಕೂತು ಅಳುತ್ತಿದ್ದಾನೆ. ಅಷ್ಟು ಸಾಕು ಶಿವಾ ಅಂದುಕೊಂಡೆ.

ಹೊರಗೆ ಯಾರೋ ನಳ ಬಂತೆಂದು ಕೂಗಿದರು. ನಮ್ಮ ಓಣಿಗೆ ನೀರು ಬಂದು ಆರು ದಿನವಾಗಿತ್ತು. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೈಪು ಎಳೆದುಕೊಂಡು ಡ್ರಮ್ಮು ತುಂಬಲು ಹೋದೆ.